ಶಾಂತಾಳ ಕುಬಸ

ಉಮೇಶ ಸಂಜೆ ಕೆಲಸದಿಂದ ಬಂದವನೇ, ಚಪ್ಪಲಿ ಬಿಡುವ ಮೊದಲೇ, "ಮಾಲಾ, ನಾ ಸತ್ನೆಲಾ!" ಎಂದ.

ಮಾಲಾ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. ಅವಳ ಗಂಡ ವಾರಕ್ಕೊಮ್ಮೆಯಾದರೂ ಹೀಗೆ ಸಾಯುತ್ತಿದ್ದ. ಒಮ್ಮೆ ನಟ್ಟು ಬೋಲ್ಟು ಕಡಿಮೆ ಬಿದ್ದದ್ದಕ್ಕೆ, ಇನ್ನೊಮ್ಮೆ ಬೈಕು ಕೆಟ್ಟದ್ದಕ್ಕೆ. ಬಿಸಿ ರೊಟ್ಟಿ ಹೊಟ್ಟೆಗೆ ಬಿದ್ದರೆ ಮತ್ತೆ ಬದುಕುತ್ತಿದ್ದ.

"ಈಗೇನಾತ್ರಿ?"

"ಸಾಹೇಬರು ಕ್ರಿಸ್‌ಮಸ್ ಪಾರ್ಟಿ ತಂದು ನನ್ನ ಕೊಳ್ಳಿಗೆ ಕಟ್ಟ್ಯಾರ. ಬರೇ ಉಣಿಸಿ ಕಳಿಸಿದ್ರ ಆಗಂಗಿಲ್ಲಂತ. ಎಲ್ಲಾರೂ ನಗಬೇಕಂತ, ಮುಂದ ಹತ್ತ ವರ್ಷ ನೆನಸಬೇಕಂತ."

ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಅವನ ಅಪ್ಪ ಪರಶಪ್ಪ ಒಳಗೆ ಕೇಳುವಂತೆ, "ಅವರ ಹಬ್ಬಕ್ಕ ನೀ ಯಾಕಲೇ ಗೆಜ್ಜಿ ಕಟ್ಟತಿ?" ಎಂದ.

"ಪಗಾರ ಕೊಡ್ತಾರಪಾ, ಕಟ್ಟಬೇಕು."

ಪುರ್ತಗೇರಿಯ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಊರವರು ಫ್ಯಾನು ಎನ್ನುತ್ತಾರೆ. ಆ ಫ್ಯಾನಿನ ಕಂಪನಿಯ ಗಜೇಂದ್ರಗಡದ ಕಚೇರಿಯಲ್ಲಿ ಉಮೇಶ ಸ್ಟೋರು ನೋಡಿಕೊಳ್ಳುತ್ತಿದ್ದ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೊಸದಾಗಿ ಬಂದ ಮ್ಯಾನೇಜರು ಕೇರಳದವರು, ರಜೆ ಸಿಗದೆ ಈ ವರ್ಷ ಇಲ್ಲೇ ಉಳಿದಿದ್ದರು. ಊರಿಗೆ ಹೋಗಲಾಗದ ಸಂಕಟಕ್ಕೆ ಹಬ್ಬವನ್ನೇ ಇಲ್ಲಿಗೆ ತರಿಸುವ ಮನಸ್ಸು ಮಾಡಿದ್ದರು. ಸಾಹೇಬರ ಮನಸ್ಸು ಗೆದ್ದರೆ ಕೆಲಸ ಕಾಯಂ ಆದೀತೆಂಬುದು ಉಮೇಶನ ಆಸೆ. ಆದರೆ ಅವನಿಗೆ ಪಾರ್ಟಿ ಎಂದರೆ ಮಿರ್ಚಿ ಭಜಿಯಿಂದ ಆಚೆಗೆ ಏನೂ ಹೊಳೆಯುತ್ತಿರಲಿಲ್ಲ. ಹೊಳೆಯುವುದೆಲ್ಲ ಮಾಲಾಳ ಪಾಲು. ಅವಳು ನರಗುಂದದ ಹುಡುಗಿ, ಬಿ.ಎ. ಓದಿದವಳು.

ಓದಿದ್ದು, ಅಡುಗೆ ಬಲ್ಲದ್ದು, ಹೊಲಕ್ಕೆ ಹೋದರೆ ನಾಲ್ಕಾಳಿನ ಸರಿ ಕಳೆ ಕೀಳುವುದು, ಇದೆಲ್ಲ ಇದ್ದೂ ಆ ಮನೆಯಲ್ಲಿ ಮಾಲಾ ಗಟ್ಟಿಯಾಗಿ ಕಾಲೂರಿ ನಿಂತಿರಲಿಲ್ಲ. ಮದುವೆಯಾಗಿ ಆರು ವರ್ಷವಾದರೂ ತೊಟ್ಟಿಲು ಕಟ್ಟಿರಲಿಲ್ಲ. ದವಾಖಾನೆಯಲ್ಲಿ ಇಬ್ಬರಿಗೂ ಏನೂ ದೋಷವಿಲ್ಲವೆಂದಿದ್ದರು. ದವಾಖಾನೆಯ ಮಾತು ಅತ್ತೆ ಅಡಿವೆವ್ವಳ ಕಿವಿಗೆ ಹತ್ತುವುದಿಲ್ಲ. ಪಡಸಾಲೆಯ ಗೋಡೆಗೆ ಒಂದು ಫೋಟೋ ಇತ್ತು. ಪರಶಪ್ಪನ ಮೊದಲ ಹೆಂಡತಿಯದು, ಎಲ್ಲರೂ ಹಿರೇವ್ವ ಎನ್ನುತ್ತಿದ್ದರು. ಅವಳಿಗೆ ಮಕ್ಕಳಾಗಲಿಲ್ಲವೆಂದೇ ಅಡಿವೆವ್ವಳನ್ನು ತಂದದ್ದು, ಅಡಿವೆವ್ವಳಿಗೆ ಹುಟ್ಟಿದವನೇ ಉಮೇಶ. ಅಂದರೆ ಆ ಮನೆಗೆ ದಾರಿ ಗೊತ್ತಿತ್ತು. ದಿನವೂ ಆ ಫೋಟೋದ ಧೂಳು ಒರೆಸುವಾಗ ಮಾಲಾಳ ಕೈ ಒಂದು ಕ್ಷಣ ತಡೆಯುತ್ತಿತ್ತು.

ಅಂತೂ ಪಾರ್ಟಿಯ ಕೆಲಸ ಶುರುವಾಯಿತು. ಊಟಕ್ಕೆ ಗೋಧಿ ಹುಗ್ಗಿ, ಬದನೆಕಾಯಿ ಎಣಗಾಯಿ, ಮಿರ್ಚಿ ಎಂದು ಮಾಲಾ ಹೇಳಿದಳು. ಹೆಣ್ಣುಮಕ್ಕಳಿಗೆ ಕುರ್ಚಿ ಆಟ, ಗಂಡಸರಿಗೆ ಬಾಯಲ್ಲಿ ಚಮಚ ಕಚ್ಚಿ ಲಿಂಬೆಹಣ್ಣು ಒಯ್ಯುವ ಆಟ. ಸಾಹೇಬರಿಗಾಗಿ ಕೇಕು.

"ಕೇಕಿನ್ಯಾಗ ತತ್ತಿ ಹಾಕ್ತಾರಂತ" ಎಂದಳು ಅಡಿವೆವ್ವ.

"ಹಾಕಲಾರದ್ದೂ ಸಿಗತಾವ್ರಿ ಅತ್ತಿ."

"ಸಿಗತಾವಂತ ತರಬ್ಯಾಡ. ನಮ್ಮ ಪಾತ್ರಿ ಮಾತ್ರ ಮುಟ್ಟಬ್ಯಾಡ್ರಿ. ಯಾವ ದೇವರ ಹಬ್ಬೋ ಏನೋ, ನಮ್ಮ ಮನೀ ಎಣ್ಣಿ ಯಾಕ ಸುಡತೀರಿ?"

"ಎಣ್ಣಿ ಕಂಪನೀದ ಬೇ" ಎಂದ ಉಮೇಶ.

"ಕೈ ಯಾರ್ದು? ನಿನ್ನ ಹೇಣ್ತೀದು. ನಾಳೆ ಹೊಲದಾಗ ಮೆಣಸಿನಕಾಯಿ ಹರಿಯೂದೈತಿ, ಅದಕ್ಕ ಯಾರ ಬರ್ತಾರ, ನಿಮ್ಮ ಸಾಹೇಬ ಬರ್ತಾನೇನು?"

ಆ ರಾತ್ರಿ ಗಂಡ ಹೆಂಡಿರಿಬ್ಬರ ನಡುವೆ ಕೆಂಪು ಅಂಗಿಯ ಮುದುಕನ ವಿಷಯ ಬಂತು. ಬಿಳಿ ಗಡ್ಡ, ದೊಡ್ಡ ಹೊಟ್ಟೆ, ಹೆಗಲ ಮೇಲೆ ಉಡುಗೊರೆಯ ಚೀಲ. ಕಾವಲುಗಾರ ರಾಯಣ್ಣನಿಗೆ ಆ ವೇಷ ಹಾಕಿಸುವುದು, ಅವನೆಂದು ಯಾರಿಗೂ ಮೊದಲೇ ತಿಳಿಯಬಾರದು, ಒಂದೊಂದು ಮನೆಯವರಿಗೆ ಒಂದೊಂದು ಉಡುಗೊರೆ ಹಂಚಿಸುವುದು, ಇದು ಮಾಲಾಳದೇ ಉಪಾಯ. 'ಸಾಂಟಾ' ಎಂಬ ಹೆಸರು ಮಾತ್ರ ಉಮೇಶನ ನಾಲಿಗೆಯಲ್ಲಿ ಒಂದು ಸಲವೂ ಸರಿಯಾಗಿ ಹೊರಳಲಿಲ್ಲ.

ಮರುದಿನ ಅವನು ಅಂಗಳದಲ್ಲಿ ನಿಂತು ರಾಯಣ್ಣನಿಗೆ ಫೋನು ಮಾಡಿದ. ಫೋನಿನಲ್ಲಿ ಪಿಸುಗುಡುವುದೆಂದರೆ ಅವನಿಗೆ ಎದುರುಮನೆಯವರಿಗೆ ಮಾತ್ರ ಕೇಳುವಂತೆ ಮಾತಾಡುವುದು.

"ಶಾಂತಾ ಸುದ್ದಿ ಯಾರ ಮುಂದೂ ತಗೀಬ್ಯಾಡೋ. ಗುಟ್ಟಾಗೇ ಇರಬೇಕು. ಹೂಂ, ಅಳತಿ ದರ್ಜಿ ಟಿಪ್ಪುಸಾಬಗ ಕೊಟ್ಟೇನಿ. ಆ ದಿನ ಎಲ್ಲಾರ ಮುಂದ ಕರಕೊಂಡ ಬರೂದ ಬರೂದು. ಅಲ್ಲೀತನಕ ಉಸರ ಬಿಡಬ್ಯಾಡ."

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಅಡಿವೆವ್ವ ಬೂದಿಗೈಯಲ್ಲೇ ಎದ್ದು ಬಂದಳು.

"ಯಾರೋ ಅದು ಶಾಂತಾ?"

"ಅದು ಗುಟ್ಟ ಬೇ. ನಿನ್ನ ಮುಂದ ಹೇಳಿದ್ರ ಡಂಗುರಾ ಹೊಡದಂಗ."

"ಚಲೋ ಮಂದೀನ ಏನು?"

"ಭಾಳ ಚಲೋ. ಬರೂವಾಗ ಬರಿಗೈಲೆ ಬರೂದಿಲ್ಲ, ತಿಳಕೋ."

ಒಳಗೆ ಒಲೆಯ ಮುಂದಿದ್ದ ಮಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅತ್ತೆಗೆ ಆಮೇಲೆ ಅವನೇ ಹೇಳುತ್ತಾನೆ ಎಂದುಕೊಂಡಳು. ಅವಳು ಹೇಳುತ್ತಾಳೆ ಎಂದು ಅವನು ಅಂದುಕೊಂಡನೋ ಏನೋ. ಇಬ್ಬರೂ ಹೇಳಲಿಲ್ಲ. ಅಷ್ಟೇ ಅಲ್ಲ, ಆ ಹೆಸರು ಗಂಡ ಹೆಂಡಿರಿಗೆ ಆಟದ ಮಾತಾಯಿತು. "ಶಾಂತಾಗ ಬೂಟ ಬೇಕ್ರಿ" ಎಂದು ಅವಳು, "ಶಾಂತಾನ್ನ ಎಲ್ಲಿ ಕುಂದರಸೂದು?" ಎಂದು ಅವನು. ಬಹಳ ದಿನದ ಮೇಲೆ ಇಬ್ಬರೂ ಕೂಡಿ ನಗುವುದಕ್ಕೆ ಒಂದು ನೆಪ ಸಿಕ್ಕಿತ್ತು.

ಆ ವಾರದಿಂದಲೇ ಅಡಿವೆವ್ವ ಬದಲಾದಳು.

ಮೊದಲು ತುಪ್ಪ ಬಂತು. ತುಪ್ಪದ ಗಡಿಗೆ ಅಡಿವೆವ್ವಳ ಕೈಯಲ್ಲೇ ಇರುತ್ತಿತ್ತು. ಮಗನ ರೊಟ್ಟಿಗೆ ಎರಡು ಚಮಚ, ಗಂಡನಿಗೆ ಒಂದು, ಮಾಲಾಳಿಗೆ ಗಡಿಗೆಯ ಬಾಯಿ ಒರೆಸಿದ ಬೆರಳು. ಅವತ್ತು ಮಾಲಾಳಿಗೆ ಆಮೇಲೆ ಉಣ್ಣಲೆಂದು ತೆಗೆದಿಟ್ಟ ರೊಟ್ಟಿಯ ಮೇಲೆ ತುಪ್ಪ ಹರಿದು ಪುಂಡಿಪಲ್ಯದ ಬುಡಕ್ಕೆ ಹೋಯಿತು.

"ನನ್ನ ರೊಟ್ಟಿ ಏನ ಪಾಪ ಮಾಡೇತಿ?" ಎಂದ ಪರಶಪ್ಪ.

"ಸುಮ್ಮ ಉಣ್ರಿ. ಅಕೀದೂ ಜೀವನ. ಎಷ್ಟ ದಿನಾ ಅಂತ ಒಣಾ ರೊಟ್ಟಿ ತಿಂದೀತು."

ಮರುದಿನ ಬೆಳಗ್ಗೆ ಸೆಗಣಿ ಬುಟ್ಟಿಗೆ ಕೈ ಹಾಕಿದರೆ, "ಬಿಡವಾ, ನಾ ತಗೀತೀನಿ" ಎಂದಳು ಅತ್ತೆ. ನೀರಿಗೆ ಹೊರಟರೆ ಕೊಡ ಕಸಿದುಕೊಂಡಳು. ತಲೆಗೆ ಎಣ್ಣೆ ಹಚ್ಚಿ ಬಾಚಿದಳು, ಆರು ವರ್ಷದಲ್ಲಿ ಮೊದಲ ಸಲ. ಬಾಚುತ್ತ ಬಾಚುತ್ತ ನಿಟ್ಟುಸಿರು ಬಿಟ್ಟಳು.

"ಯಾಕ್ರಿ ಅತ್ತಿ?"

"ಏನಿಲ್ಲವಾ. ನಿನ್ನ ಕೂದಲಾ ಭಾಳ ಮೆತ್ತಗದಾವ."

ಒಂದು ಮಂಗಳವಾರ ಅಡಿವೆವ್ವ ಬಸ್ಸು ಹತ್ತಿ ಇಟಗಿ ಭೀಮವ್ವನ ಗುಡಿಗೆ ಹೋಗಿಬಂದಳು. ಎರಡು ದಿನ ಬಿಟ್ಟು ಗಜೇಂದ್ರಗಡಕ್ಕೆ ಹೋದಳು. ಬರುವಾಗ ಕಂಕುಳಲ್ಲಿ ಒಂದು ಗಂಟಿತ್ತು, ಮುಖದಲ್ಲಿ ಒಂದು ಬಗೆಯ ಬೆಳಕಿತ್ತು.

"ಹಬ್ಬಿಲ್ಲ ಹುಣ್ಣಿಮಿಲ್ಲ, ಪ್ಯಾಟ್ಯಾಗ ಏನಿತ್ತು ನಿನ್ನ ಕೆಲಸ?" ಎಂದು ಪರಶಪ್ಪ ಜಗಳ ತೆಗೆದ. "ಕಡ್ಲಿ ಮಾರಿದ್ದು ಗ್ವಾಡಿಗೆ ಗಿಲಾವ ಮಾಡಸಾಕ ಇಟ್ಟಿದ್ದೆ. ಅದರಾಗ ಯಾಕ ಕೈ ಹಾಕಿದಿ?"

"ಗ್ವಾಡಿ ಎಲ್ಲಿ ಓಡಿ ಹೊಕ್ಕೈತಿ? ಬರೂ ಜೀವಕ್ಕ ಮೊದಲ ಮಾಡಬೇಕು."

"ಯಾವ ಜೀವ?"

ಅಡಿವೆವ್ವ ಗಂಡನ ಕಡೆ ಕಣ್ಣು ಬಿಟ್ಟಳು. ಇಬ್ಬರೂ ಹಿತ್ತಲಿಗೆ ಹೋದರು. ಬಂದ ಮೇಲೆ ಪರಶಪ್ಪ ಗೋಡೆಗೆ ಗಾರೆ ಮಾಡಿಸುವ ಸುದ್ದಿ ಎತ್ತಲಿಲ್ಲ. ಬದಲಿಗೆ ಸೊಸೆಯನ್ನು ನೋಡಿ ಕೆಮ್ಮಿ, "ಊಟ ಆತೇನವಾ?" ಎಂದು ಕೇಳಿದ. ಅವನು ಹಾಗೆ ಕೇಳಿದ್ದೂ ಅದೇ ಮೊದಲು.

ಎಳ್ಳಮಾಸಿಯ ದಿನ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲಕ್ಕೆ ಹೋದರು. ಸಜ್ಜೆ ಕಡುಬು, ಭರ್ತ, ಎಳ್ಳು ಹಚ್ಚಿದ ರೊಟ್ಟಿ, ಕೆನೆಮೊಸರು. ಬಿಳಿಜೋಳ ಎದೆಮಟ್ಟ ನಿಂತಿತ್ತು, ಗುಡ್ಡದ ಮೇಲೆ ಫ್ಯಾನುಗಳು ತಿರುಗುತ್ತಿದ್ದವು. ಬನ್ನಿಗಿಡದ ಬುಡದಲ್ಲಿ ಕುಳಿತು ಉಣ್ಣುವಾಗ ಅಡಿವೆವ್ವ ಮೊದಲ ತುತ್ತು ಮಾಡಿ ಮಗನಿಗಲ್ಲ, ಮಾಲಾಳ ಬಾಯಿಗಿಟ್ಟಳು.

"ನನ್ನ ಮ್ಯಾಲೆ ಸಿಟ್ಟ ಹಿಡೀಬ್ಯಾಡವಾ. ಮುಂದ ಏನ ಬರ್ಲಿ, ಏನ ಹೋಗ್ಲಿ, ನೀನ ಈ ಮನೀ ಹಿರೇಸೊಸಿ."

ಇರುವವನು ಒಬ್ಬನೇ ಮಗ, ಇರುವವಳು ಒಬ್ಬಳೇ ಸೊಸೆ. ಹಿರಿಯದೆಲ್ಲಿ, ಕಿರಿಯದೆಲ್ಲಿ? ಮಾಲಾ ಅದನ್ನು ಲೆಕ್ಕಿಸಲಿಲ್ಲ. ದೊಡ್ಡ ಮಾತು, ಗೌರವಕ್ಕೆ ಅಂದದ್ದು ಎಂದುಕೊಂಡಳು. ಹಸಿದವನಿಗೆ ಅನ್ನದೊಳಗಿನ ಹರಳು ಕಾಣುವುದಿಲ್ಲ.

ಪಾರ್ಟಿಗೆ ಮೇಜಿನ ಮೇಲೆ ಹಾಸಲು ಬಿಳಿ ಚಾದರ ಬೇಕಾಗಿತ್ತು. ಮಾಲಾ ದೊಡ್ಡ ಟ್ರಂಕು ತೆರೆದಾಗ ಅತ್ತೆಯ ಗಂಟು ಕೈಗೆ ಸಿಕ್ಕಿತು. ಬಿಚ್ಚಬಾರದಾಗಿತ್ತು, ಬಿಚ್ಚಿದಳು. ಗಜೇಂದ್ರಗಡದ ಮಗ್ಗದ ಪಟ್ಟೇದಂಚಿನ ಸೀರೆ, ಗಿಳಿ ಹಸಿರು. ಜೊತೆಗೆ ಹಸಿರು ಬಳೆ, ಉತ್ತತ್ತಿ, ಕೊಬ್ಬರಿ ಬಟ್ಟಲು. ಆ ಕಡೆಯ ಹೆಂಗಸರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಸುರಿಗೆ ಹಸಿರು ಉಡಿಸಿ, ಬಳೆ ಇಡಿಸಿ, ಉಡಿ ತುಂಬಿ ಮಾಡುವ ಕುಬಸದ ಸಾಮಾನು ಅದು.

ಮಾಲಾ ಟ್ರಂಕಿನ ಮುಂದೆ ಹಾಗೇ ಕುಳಿತಳು. ಅತ್ತೆ ಇಟಗಿ ಭೀಮವ್ವನಿಗೆ ಹರಕೆ ಹೊತ್ತು ಬಂದಿದ್ದಾಳೆ, ನನಗಾಗಿಯೇ ತಂದಿಟ್ಟಿದ್ದಾಳೆ, ಆಗಿಯೇ ಆಗುತ್ತದೆಂದು ನಂಬಿದ್ದಾಳೆ. ತುಪ್ಪ, ಎಣ್ಣೆ, ಮೊದಲ ತುತ್ತು ಎಲ್ಲದಕ್ಕೂ ಅರ್ಥ ಸಿಕ್ಕಿತು. ಗಂಟನ್ನು ಇದ್ದಂತೆಯೇ ಕಟ್ಟಿಟ್ಟು, ಹಿತ್ತಲಿಗೆ ಹೋಗಿ ಅತ್ತಳು. ಸಂತೋಷಕ್ಕೆ ಅತ್ತಳು. ಅವತ್ತು ಸಂಜೆ ತಾನಾಗಿಯೇ ಬಿಸಿ ಎಣ್ಣೆ ತಂದು ಅತ್ತೆಯ ಮೊಣಕಾಲು ತಿಕ್ಕಿದಳು. ಅಡಿವೆವ್ವ ಕಣ್ಣು ಮುಚ್ಚಿಕೊಂಡು, "ನಿನ್ನಂಥಾಕಿಗೆ ದೇವರು ಹಿಂಗ ಮಾಡಬಾರದಿತ್ತು" ಎಂದಳು.

ಪಾರ್ಟಿಯ ಹಿಂದಿನ ದಿನ ಮಾಲಾ ಗಜೇಂದ್ರಗಡಕ್ಕೆ ಹೋಗಿ ಕೇಕು ಹೇಳಿ, ದರ್ಜಿ ಟಿಪ್ಪುಸಾಬನ ಅಂಗಡಿಗೆ ಬಂದಳು. ಟಿಪ್ಪುಸಾಬ ಮಷೀನು ತುಳಿಯುತ್ತಿದ್ದ, ಅವನ ಹೆಂಡತಿ ಕಾಶೀಂಬಿ ಕೆಳಗೆ ಕುಳಿತು ಗುಂಡಿ ಹಚ್ಚುತ್ತಿದ್ದಳು. ಗೂಟಕ್ಕೆ ಕೆಂಪು ನಿಲುವಂಗಿ ತೂಗುತ್ತಿತ್ತು. ಅದರ ಪಕ್ಕದಲ್ಲಿ ಒಂದು ಹಸಿರು ಖಣದ ಜಂಪರು.

"ಶಾಂತಾನ ಅಂಗಿ ಆತೇನ್ರಿ ಚಾಚಾ?" ಎಂದು ಮಾಲಾ ನಗುತ್ತ ಕೇಳಿದಳು.

ಟಿಪ್ಪುಸಾಬ ನಗಲಿಲ್ಲ. ಕನ್ನಡಕ ತೆಗೆದು ಒರೆಸಿದ.

"ತಂಗಿ, ಒಂದ ಮಾತ ಹೇಳ್ತೇನಿ, ಬ್ಯಾಸರಾ ಮಾಡ್ಕೋಬ್ಯಾಡ. ಮೊನ್ನೆ ನಿಮ್ಮತ್ತಿ ಬಂದಿದ್ರು. 'ಶಾಂತಾನ ಅಳತಿ ನಿಮ್ಮ ಕಡೆ ಐತಂತಲ್ಲ' ಅಂದ್ರು. ನಾ ಈ ಕೆಂಪ ಅಂಗೀ ಮಾತು ಅಂತ ತಿಳದು, 'ಐತ್ರಿ, ಹೊಟ್ಟಿ ಮಾತ್ರ ಭಾಳ ಮುಂದ ಬಿಡಾಕ ಹೇಳ್ಯಾರ' ಅಂದೆ."

"ಹೂಂ?"

"ಅಷ್ಟ ಕೇಳಿದ್ದ ತಡಾ, ಇಲ್ಲೇ ಈ ಹೊಸ್ತಿಲ ಮ್ಯಾಲೆ ಕುಂತಬಿಟ್ರು. ಕಣ್ಣಾಗ ನೀರು. 'ಅಷ್ಟ ಮುಂದ ಬಂದೈತೇನು? ಯಾವಾಗಂತ?' ಅಂದ್ರು. 'ಇಪ್ಪತ್ನಾಕಕ್ಕ ಬೇಕಂದಾರ' ಅಂದೆ. ಆಮ್ಯಾಲೆ ಆ ಹಸರ ಖಣಾ ಕೊಟ್ಟು, 'ಅದ ಅಳತೀಲೆ ಒಂದ ಜಂಪರಾ ಹೊಲೀರಿ, ಸಡ್ಲ ಇರ್ಲಿ, ಬಸರ ಹೆಂಗಸು' ಅಂದು ಹ್ವಾದ್ರು. ನನಗ ತಲೀ ಬುಡಾ ತಿಳೀಲಿಲ್ಲ."

ಕಾಶೀಂಬಿ ಸೂಜಿ ನಿಲ್ಲಿಸಿ ಮೆಲ್ಲಗೆ, "ನನಗ ತಿಳೀತು. ಹೆಂಗಸರಿಗೆ ತಿಳೀತೈತಿ. ನಾಕ ದಿನಾ ಆತು, ನಿನಗ ಹೆಂಗ ಹೇಳೂದಂತ ಕುಂತೇನಿ" ಎಂದಳು.

ಮಾಲಾ ಆ ಹಸಿರು ಜಂಪರನ್ನು ನೋಡಿದಳು. ರಾಯಣ್ಣನ ಸುತ್ತಳತೆಗೆ ದಿಂಬಿನ ಅಳತೆ ಕೂಡಿಸಿ ಹೊಲಿದದ್ದು, ಇಬ್ಬರು ಹೊಗುವಷ್ಟು ಅಗಲವಿತ್ತು. ಬೇರೆ ಯಾರ ಮನೆಯದಾಗಿದ್ದರೂ ಅವಳೇ ಹೊಟ್ಟೆ ಹಿಡಿದು ನಗುತ್ತಿದ್ದಳು. ಈಗ ಅವಳಿಗೆ ಒಂದೇ ಮಾತು ತಿಳಿಯಿತು, ಬಹಳ ಚೆನ್ನಾಗಿ ತಿಳಿಯಿತು. ಮಗ ಇನ್ನೊಬ್ಬಳನ್ನು ಮಾಡಿಕೊಂಡಿದ್ದಾನೆಂದು ಅತ್ತೆ ನಂಬಿದ್ದಳು. ನಂಬಿ, ಮಗನ ಕೊರಳಪಟ್ಟಿ ಹಿಡಿಯಲಿಲ್ಲ, ಒಂದು ಹೊತ್ತಿನ ಊಟ ಬಿಡಲಿಲ್ಲ. ಸೀರೆ ತಂದಳು. ಮಾವನಿಗೂ ಗೊತ್ತಿತ್ತು. ಆ ತುಪ್ಪ ಅವಳನ್ನು ಬದಿಗೆ ಸರಿಸುವ ಮೊದಲು ಮಾಡಿದ ಉಪಚಾರವಾಗಿತ್ತು.

"ಅಂಗಿ ಕಟ್ಟಿ ಕೊಡ್ರಿ ಚಾಚಾ. ಜಂಪರಾ ಅವರ ಬಂದು ಒಯ್ಲಿ" ಎಂದಳು.

ಆ ರಾತ್ರಿ ಅವಳು ಯಾರಿಗೂ ಏನೂ ಹೇಳಲಿಲ್ಲ. ಅತ್ತೆ ತಾನಾಗಿ ಬಾಯಿ ಬಿಡುತ್ತಾಳೋ ನೋಡೋಣ ಎಂಬ ಹಟ ಹುಟ್ಟಿತ್ತು. ತುಪ್ಪದ ರೊಟ್ಟಿ ಹಾಗೇ ಬಿಟ್ಟು ಎದ್ದಳು.

ಬೆಳಗ್ಗೆ ಉಮೇಶ ಬೈಕಿಗೆ ಕೇಸರಿ ಬಣ್ಣದ ಹಗ್ಗ ಬಿಗಿದು ಪಾರ್ಟಿಯ ಸಾಮಾನು ಕಟ್ಟುತ್ತಿದ್ದ. ಮಾಲಾ ಪಡಸಾಲೆಯಲ್ಲಿ ಕುರ್ಚಿ ಆಟದ ಬಹುಮಾನಕ್ಕೆ ಬಣ್ಣದ ಕಾಗದ ಸುತ್ತುತ್ತಿದ್ದಳು. ಅಡಿವೆವ್ವ ಗಂಟು ತಂದು ಮಗನ ಕೈಗಿಟ್ಟಳು. ದನಿ ಇಳಿಸಿದ್ದಳು, ಆದರೂ ಕೇಳುತ್ತಿತ್ತು.

"ಇದ ಶಾಂತಾಗ ಕೊಡು. ಜಂಪರಾ ಟಿಪ್ಪುಸಾಬನ ಅಂಗಡ್ಯಾಗ ಐತಿ, ನೀ ಕೊಟ್ಟ ಅಳತೀಲೇ ಸಡ್ಲ ಹೊಲಿಸೇನಿ. ಮುಹೂರ್ತ ಗಿಹೂರ್ತ ನೋಡೂ ಹೊತ್ತಲ್ಲ ಇದು. ಹಿಂಗ ಹೊರಗ ಹೊರಗ ಎಷ್ಟ ದಿನಾ ಇಡ್ತಿ? ಮನೀಗೆ ಕರಕೊಂಡ ಬಾ. ಕೂಸ ಇಲ್ಲೇ ಹುಟ್ಲಿ. ಮಾಲಾಗ ನಾ ತಿಳಿಸಿ ಹೇಳ್ತೇನಿ. ಚಲೋ ಹುಡಿಗಿ, ತಡಕೋತಾಳ."

ಉಮೇಶ ಮೊದಲು ಬಾಯಿ ತೆರೆದು ನಿಂತ. ಆಮೇಲೆ ಗಂಟು ನೋಡಿದ, ತಾಯಿಯನ್ನು ನೋಡಿದ. ಆಮೇಲೆ ನಗತೊಡಗಿದ. ನಗುತ್ತ ನಗುತ್ತ ಕಟ್ಟೆ ಹಿಡಿದುಕೊಂಡ.

"ಎಪ್ಪಾ! ಬಾರಪಾ ಇಲ್ಲಿ! ಅವ್ವ ರಾಯಣ್ಣಗ ಕುಬಸಾ ಮಾಡ್ಯಾಳ!"

ಕೆಂಪು ಅಂಗಿ ತೆಗೆದು ತೋರಿಸಿದ, ಬಿಳಿ ಗಡ್ಡ ಕಟ್ಟಿಕೊಂಡ, ದಿಂಬನ್ನು ಹೊಟ್ಟೆಗಿಟ್ಟುಕೊಂಡು ಅಂಗಳದ ತುಂಬ ನಡೆದ. ಸಂಗತಿ ತಿಳಿಯಲು ಪರಶಪ್ಪನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನೂ ತೊಡೆ ತಟ್ಟಿ ನಕ್ಕ.

"ಎತ್ತ ಈದೈತಿ ಅಂದ್ರ ಕೊಟಗ್ಯಾಗ ಕಟ್ಟು ಅಂದಾಕಿ ನೀನ! ನನ್ನ ಕಡ್ಲಿ ರೊಕ್ಕಾ ಗಡ್ಡದವಗ ಸೀರಿ ಉಡಸಾಕ ಹ್ವಾತು!"

ಅಡಿವೆವ್ವ ಗೋಡೆಗೆ ಒರಗಿ ಕುಸಿದಳು. ನಾಚಿಕೆಯೋ, ಹುಟ್ಟುವ ಮೊದಲೇ ಹೋದ ಮೊಮ್ಮಗುವಿನ ದುಃಖವೋ, ಸೆರಗು ಬಾಯಿಗೆ ತುರುಕಿಕೊಂಡಳು. ಅವಳ ಕಣ್ಣು ಪಡಸಾಲೆಯ ಕಡೆ ಹೊರಳಿತು. ಮಾಲಾ ಬಣ್ಣದ ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ನಗುತ್ತಿರಲಿಲ್ಲ.

ಬೈಕಿನ ಮೇಲೆ ಹೋಗುವಾಗ ಮಾಲಾ ಗಂಡನ ಬೆನ್ನಿಗೆ ಹೇಳಿದಳು: "ಒಂದ ಮಾತ ನಡಸ್ರಿ. ಈ ಸುದ್ದಿ ಅಲ್ಲಿ ತಗೀಬ್ಯಾಡ್ರಿ."

"ಅಯ್ಯ, ಇಂಥಾ ನಗಿ ದುಡ್ಡ ಕೊಟ್ರೂ ಸಿಗಂಗಿಲ್ಲಲೇ."

"ನಿಮಗ ನಗಿ. ನಿಮ್ಮವ್ವ ಏನಂದ್ರು ಕೇಳ್ಸಿಲ್ಲೇನು? ತಡಕೋತಾಳ ಅಂದ್ರು."

"ಮುದಿಕಿ ಮಾತ ಏನ ಹಿಡೀತಿ? ನಾ ಏನರ ತಪ್ಪ ಮಾಡೇನೇನು? ಇಲ್ಲಲಾ? ಮತ್ತ ಮುಗೀತು."

ಅವನು ತಪ್ಪು ಮಾಡಿರಲಿಲ್ಲ, ನಿಜ. ಅದಕ್ಕೇ ಅವನ ಜೊತೆ ಜಗಳ ಹೇಗೆ ಆಡಬೇಕೆಂಬುದೇ ಅವಳಿಗೆ ತಿಳಿಯಲಿಲ್ಲ.

ಕಂಪನಿಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮಾಲಾ ಹೇಳಿದಂತೆಯೇ ಎಲ್ಲ ನಡೆಯಿತು. ಜಾಲಿಗಿಡದ ಟೊಂಗೆಗೆ ಬಣ್ಣದ ದೀಪ ಸುತ್ತಿ ನಿಲ್ಲಿಸಿದ್ದನ್ನು ನೋಡಿ ಮ್ಯಾನೇಜರು ಫೋಟೋ ಹೊಡೆದುಕೊಂಡು ಊರಿಗೆ ಕಳಿಸಿದರು. ಕುರ್ಚಿ ಆಟದಲ್ಲಿ ಅಡುಗೆಯ ರಮಾಬಾಯಿ ಗೆದ್ದಳು. ಲಿಂಬೆಹಣ್ಣು ಒಯ್ಯುವಾಗ ಇಬ್ಬರು ಇಂಜಿನಿಯರು ಡಿಕ್ಕಿ ಹೊಡೆದು ಬಿದ್ದರು. ಹುಗ್ಗಿಯನ್ನು ಮಂದಿ ಎರಡೆರಡು ಸಲ ಹಾಕಿಸಿಕೊಂಡರು. ಕೇಕಿನ ಹತ್ತಿರ ಮಾತ್ರ, ತತ್ತಿ ಹಾಕಿಲ್ಲವೆಂದು ಮಾಲಾ ಮತ್ತೆ ಮತ್ತೆ ಹೇಳಬೇಕಾಯಿತು. ಬೇರೆ ದಿನವಾಗಿದ್ದರೆ ಅವಳ ಕಾಲು ನೆಲದ ಮೇಲೆ ಇರುತ್ತಿರಲಿಲ್ಲ.

ರಾಯಣ್ಣ ಕೆಂಪು ಅಂಗಿ ತೊಟ್ಟು, ಹೊಟ್ಟೆ ಮುಂದೆ ಮಾಡಿಕೊಂಡು, ಗಂಟೆ ಬಾರಿಸುತ್ತ ಬಂದ. ಮಕ್ಕಳು ಕೂಗಿಕೊಂಡು ಮೇಲೆ ಬಿದ್ದವು. ಉಡುಗೊರೆ ಹಂಚುವಾಗ ಉಮೇಶ ಮೈಕು ತೆಗೆದುಕೊಂಡ.

"ಈ ಶಾಂತಾ ಯಾರಂತ ನಿಮಗ್ಯಾರಿಗೂ ಗೊತ್ತಿಲ್ಲ. ನಮ್ಮವ್ವಗ ಮಾತ್ರ ಗೊತ್ತೈತಿ!"

ಹೇಳಿಬಿಟ್ಟ. ಫೋನಿನ ಮಾತು, ಟಿಪ್ಪುಸಾಬನ ಅಳತೆ, ಸಡಿಲ ಜಂಪರು, ಎಲ್ಲ. ಹೇಳುವ ಕಲೆ ಅವನಿಗೆ ಚೆನ್ನಾಗಿಯೇ ಇತ್ತು. ಮಂದಿ ಉರುಳಾಡಿ ನಕ್ಕರು. ಯಾರೋ ಹಿಂದಿಯಲ್ಲಿ ಬಿಡಿಸಿ ಹೇಳಿದ ಮೇಲೆ ಮ್ಯಾನೇಜರು ಕಣ್ಣೀರು ಒರೆಸಿಕೊಂಡು ನಕ್ಕರು. ಮಾಲಾ ಹುಗ್ಗಿಯ ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತಿದ್ದಳು. ನಗುವ ಒಂದೊಂದು ಬಾಯಿಯೂ ಅವಳಿಗೆ ಕಾಣುತ್ತಿತ್ತು.

ರಾಯಣ್ಣ ಚೀಲದ ತಳಕ್ಕೆ ಕೈ ಹಾಕಿ ಕೊನೆಯದನ್ನು ತೆಗೆದ. ಬಣ್ಣದ ಕಾಗದ ಸುತ್ತಿತ್ತು, ಅವಳೇ ಬೆಳಗ್ಗೆ ಕತ್ತರಿಸಿದ ಕಾಗದ.

"ಇದು ಶಾಂತಾಂದು, ನಮ್ಮ ಮಾಲಾಗ!" ಎಂದು ಉಮೇಶ ಕೂಗಿದ.

"ಬರ್ರಿ ವೈನಿ" ಎಂದ ರಾಯಣ್ಣ. ಒಳಗೆ ಏನಿದೆ ಎಂದು ಪಾಪ ಅವನಿಗೂ ಗೊತ್ತಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಹೋಗದೆ ಇರಲಾಗಲಿಲ್ಲ. ಮಾಲಾ ಕೈಚಾಚಿದಳು. ಕಾಗದ ಹರಿದು ಹಸಿರು ಸೀರೆಯ ಅಂಚು ಜಾರಿತು, ಹಸಿರು ಬಳೆ ಒಂದಕ್ಕೊಂದು ತಾಗಿ ಸಪ್ಪಳ ಮಾಡಿದವು.

ಹೆಂಗಸರ ಕಡೆ ನಗು ನಿಂತಿತು. ರಮಾಬಾಯಿ ಬಾಯಿಗೆ ಕೈ ಅಡ್ಡ ಹಿಡಿದಳು. ಬರಿ ಮಡಿಲಿನವಳ ಕೈಗೆ ಮಂದಿಯ ನಡುವೆ ಕುಬಸದ ಸೀರೆ! ಮ್ಯಾನೇಜರು ಮಾತ್ರ, ತಿಳಿಯದೆ, ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. "ಬಹುತ್ ಅಚ್ಛಾ, ಬಹುತ್ ಅಚ್ಛಾ! ಇದು ಮರೆಯೋದಿಲ್ಲ!" ಎಂದು ಕಲಿತಷ್ಟು ಕನ್ನಡವನ್ನೂ ಸೇರಿಸಿದರು. ಉಮೇಶನ ಮುಖದಲ್ಲಿಯೂ ಒಂದು ಗಳಿಗೆ ಏನೋ ಅಳುಕು ಸುಳಿಯಿತು. ಸಾಹೇಬರು ಬೆನ್ನು ತಟ್ಟಿದ ಕೂಡಲೇ ಅದು ಹೋಯಿತು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಡಿವೆವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಬೆಳಗಿನಿಂದ ಉಂಡಿರಲಿಲ್ಲ ಎಂಬುದು ಒಲೆ ನೋಡಿದರೇ ತಿಳಿಯುತ್ತಿತ್ತು. ಮಾಲಾ ಸೀರೆಯ ಗಂಟನ್ನು ಅವಳ ಮುಂದಿಟ್ಟಳು.

"ಶಾಂತಾ ಬರಲಿಲ್ರಿ ಅತ್ತಿ."

ಅಡಿವೆವ್ವ ಸೊಸೆಯ ಕೈ ಹಿಡಿದುಕೊಂಡಳು.

"ನಿನ್ನ ಹೊರಗ ಹಾಕ್ತಿದ್ದಿಲ್ಲವಾ, ಭೀಮವ್ವನ ಆಣಿ. ಇಬ್ಬರೂ ಇರ್ತಿದ್ರಿ. ನಾ ಈ ಮನೀಗೆ ಬಂದಾಗ ಹಿರೇವ್ವ ಏನೂ ಅನಲಿಲ್ಲ. ತನ್ನ ಕೈಲೆ ನನಗ ತುಪ್ಪಾ ಹಾಕಿದ್ಲು, ಕುಬಸಾ ಮಾಡಿದ್ಲು. ಅಕೀ ಋಣಾ ಹಂಗ ಉಳದಿತ್ತು. ಅದಕ್ಕ ನಿನಗ..."

"ಅಕಿ ಯಾವಾಗ ಉಣ್ತಿದ್ಲುರಿ?"

"ಏನಂದಿ?"

"ಹಿರೇವ್ವ. ನಿಮಗ ತುಪ್ಪಾ ಹಾಕಿದಮ್ಯಾಲೆ ತಾ ಯಾವಾಗ ಉಣ್ತಿದ್ಲು?"

ಅಡಿವೆವ್ವ ಸೊಸೆಯ ಕೈ ಬಿಟ್ಟಳು. "ನಾ ನೋಡ್ಲಿಲ್ಲವಾ" ಎಂದಳು. "ಒಂದ ದಿನಾನೂ ನೋಡ್ಲಿಲ್ಲ."

ಆ ಮಾತಿಗೆ ಮಾಲಾಳ ಸಿಟ್ಟು ಒಂದಿಷ್ಟು ಕರಗಿತು, ನೋವು ಕರಗಲಿಲ್ಲ. ಒಳಗೆ ಹೋಗಿ ಒಲೆ ಹೊತ್ತಿಸಿದಳು. ರೊಟ್ಟಿ ಬಡಿದಳು. ನಾಲ್ವರಿಗೂ ತಾಟು ಹಾಕಿ, ತಾನೂ ಅವರ ಸಾಲಿನಲ್ಲೇ ಕುಳಿತಳು. ಆ ಮನೆಯಲ್ಲಿ ಗಂಡಸರ ಜೊತೆಗೇ ಸೊಸೆ ಉಣ್ಣಲು ಕುಳಿತದ್ದು ಅದೇ ಮೊದಲು. ಪರಶಪ್ಪ ಹೆಂಡತಿಯ ಮುಖ ನೋಡಿದ, ಅವಳು ನೆಲ ನೋಡಿದಳು.

ಅಡಿವೆವ್ವ ತುಪ್ಪದ ಗಡಿಗೆ ತಂದಳು. ಮಾಲಾ ತನ್ನ ರೊಟ್ಟಿಯ ಮೇಲೆ ಅಂಗೈ ಮುಚ್ಚಿದಳು.

"ನನಗ ಬ್ಯಾಡ್ರಿ."

"ಆ ಸೀರಿ ನಾಳೆ ಅಂಗಡ್ಯಾಗ ತಿರುಗಿ ಕೊಟ್ಟ ಬರ್ತೇನವಾ" ಎಂದಳು ಅಡಿವೆವ್ವ, ಗಡಿಗೆ ಹಿಡಿದುಕೊಂಡೇ.

"ಕೊಡಬ್ಯಾಡ್ರಿ. ಟ್ರಂಕಿನ್ಯಾಗ ಇರ್ಲಿ."

ಉಮೇಶನಿಗೆ ಹಸಿವೆಯೂ ಇತ್ತು, ಸಂತೋಷವೂ ಇತ್ತು. ತುತ್ತು ಮುರಿಯುತ್ತ, "ಸಾಹೇಬರು ಭಾಳ ಖುಷಿ ಆಗ್ಯಾರಪಾ. ಕೆಲಸ ಕಾಯಂ ಮಾಡ್ಸಾಕ ಬರೀತೇನಿ ಅಂದ್ರು. ಮುಂದಿನ ವರ್ಷದ ಪಾರ್ಟೀನೂ ನಮದ ಅಂತ. ಹೌದಲ್ಲ ಮಾಲಾ? ಮುಂದಿನ ಸಲ ಏನ ಮಾಡೂಣು?" ಎಂದ.

ಮಾಲಾ ಒಣ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದಳು.

"ನನ್ನ ಯಾಕ ಕೇಳ್ತೀರಿ?" ಎಂದಳು. "ಮುಂದಿನ ವರ್ಷ ಶಾಂತಾನ್ನ ಕೇಳ್ರಿ. ಅಕೀ ಸೀರಿ, ಅಕೀ ಜಾಗಾ, ಈ ಮನ್ಯಾಗ ಎಲ್ಲಾ ತಯಾರ ಐತಿ."

ಈ ಸಲ ಉಮೇಶ ನಗಲಿಲ್ಲ.